ಇಪ್ಪತ್ತೆರಡು ಚಾಕುಗಳೂ ಒಂದು ಬೂದುಗುಂಬಳವೂ

ಮನುಷ್ಯ ಎಂದ ಮೇಲೆ ಅವನಿಗೆ ಒಂದಲ್ಲ ಒಂದು ಹುಚ್ಚು ಇರಲೇಬೇಕು ಎಂಬುದು ನನ್ನ ನಂಬಿಕೆ. ನಮ್ಮ ಆಫೀಸಿನಲ್ಲಿ ಒಬ್ಬರಿಗೆ ಕೈಗಡಿಯಾರದ ಹುಚ್ಚು. ದಿನಕ್ಕೊಂದು ಕಟ್ಟಿಕೊಂಡು ಬರುತ್ತಾರೆ, ದಿನವೂ ಲೇಟಾಗಿ ಬರುತ್ತಾರೆ. ನಮ್ಮ ಬೀದಿಯ ಕೊನೆಮನೆಯವರಿಗೆ ಹೂಕುಂಡದ ಹುಚ್ಚು. ಗೇಟು ಪೂರ್ತಿ ತೆರೆಯುವುದಕ್ಕೆ ಜಾಗವಿಲ್ಲದೆ ಮನೆಮಂದಿಯೆಲ್ಲ ಅಡ್ಡಡ್ಡ ನಡೆದು ಒಳಗೆ ಹೋಗುತ್ತಾರೆ. ಇವರನ್ನೆಲ್ಲ ಜನ ರಸಿಕರು, ಅಭಿರುಚಿ ಇರುವವರು ಎನ್ನುತ್ತಾರೆ. ನನ್ನ ಹುಚ್ಚು ಯಾವುದೆಂದು ಹೇಳಿದರೆ ಮಾತ್ರ ಎದುರಿಗೆ ಕೂತವರು ಕುರ್ಚಿಯನ್ನು ಅರ್ಧ ಅಡಿ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನನ್ನದು ಚಾಕುವಿನ ಹುಚ್ಚು. ಸಾಲದ್ದಕ್ಕೆ ನಾನು ಕೆಲಸ ಮಾಡುವುದು ಜೀವವಿಮೆಯ ಆಫೀಸಿನಲ್ಲಿ. ಮನೆಯಲ್ಲಿ ಇಪ್ಪತ್ತೆರಡು ಚಾಕು ಇಟ್ಟುಕೊಂಡವನು "ನಾಳೆ ಏನಾಗುತ್ತೋ ಯಾರಿಗೆ ಗೊತ್ತು, ಒಂದು ಪಾಲಿಸಿ ಮಾಡಿಸಿಬಿಡಿ ಸಾರ್" ಎಂದರೆ ಕೇಳಿದವರಿಗೆ ಹೇಗಾಗಬೇಡ? ಆದ್ದರಿಂದ ಈ ವಿಷಯವನ್ನು ಆಫೀಸಿನಲ್ಲಿ ಬಾಯಿ ಬಿಟ್ಟಿಲ್ಲ. ನಿಮ್ಮ ಹತ್ತಿರ ಹೇಳುತ್ತಿದ್ದೇನೆ, ನಿಮ್ಮಲ್ಲೇ ಇರಲಿ.

ಹಾಗೆಂದು ನಾನೇನೂ ಗಟ್ಟಿ ಆಳಲ್ಲ. ಬೇರೆಯವರಿಗೆ ಇಂಜೆಕ್ಷನ್ ಚುಚ್ಚಿದರೂ ನನಗೆ ತಲೆ ಸುತ್ತುತ್ತದೆ. ಹಲ್ಲಿ ಕಂಡರೆ ಹೆಂಡತಿಯನ್ನು ಕೂಗುತ್ತೇನೆ. ಮೇಲಾಗಿ ನಮ್ಮದು ದಿನಾ ಲಿಂಗಪೂಜೆ ನಡೆಯುವ ಮನೆ. ಮೊಟ್ಟೆ ಕೂಡ ಗೇಟು ದಾಟಿ ಒಳಗೆ ಬಂದದ್ದಿಲ್ಲ. ಅಂಥ ಮನೆಯಲ್ಲಿ ಮೀನಿನ ಮುಳ್ಳು ಬಿಡಿಸುವುದಕ್ಕೆಂದೇ ಮಾಡಿದ ತೆಳ್ಳನೆಯ ಚಾಕು ಒಂದಿತ್ತು. ಯಾಕೆ ತಂದೆ ಎಂದು ಕೇಳಬೇಡಿ. ಅಂಗಡಿಯಲ್ಲಿ ಹಿಡಿದು ನೋಡಿದೆ, ಬಳುಕಿತು, ತಂದೆ. ಬ್ರೆಡ್ಡು ಕೊಯ್ಯುವ ಹಲ್ಲುಚಾಕು ಇತ್ತು. ನಮ್ಮ ಮೂಡಲಪಾಳ್ಯದಲ್ಲಿ ಬ್ರೆಡ್ಡು ಹೋಳಾಗಿಯೇ ಸಿಗುತ್ತದೆ ಎಂಬುದು ಮನೆಗೆ ತಂದ ಮೇಲೆ ನೆನಪಾಯಿತು. ಮೈಮೇಲೆ ಜಪಾನಿ ಅಕ್ಷರ ಕೆತ್ತಿದ್ದು ಒಂದಿತ್ತು. ಅದರಲ್ಲಿ ಏನು ಬರೆದಿತ್ತೋ ಶಿವನೇ ಬಲ್ಲ, 'ಮೂರ್ಖರಿಗೆ ಮಾರತಕ್ಕದ್ದು' ಎಂದಿದ್ದರೂ ಇರಬಹುದು. ಮಡಚುವ ಚಾಕು ಒಂದಿತ್ತು, ಅದರೊಳಗೆ ಬಾಟಲಿಯ ಬಿರಡೆ ಕೀಳುವ ಸುರುಳಿ ಅಡಗಿತ್ತು. ನಮ್ಮ ಮನೆಯಲ್ಲಿ ತೆರೆಯುವ ಬಾಟಲಿ ಎಂದರೆ ಕೆಮ್ಮಿನ ಔಷಧದ್ದು. ಒಂದೇ ಥರದ್ದು ಎರಡಿದ್ದವು. ಮೊದಲನೆಯದು ಇದೆ ಎಂಬುದು ಮರೆತುಹೋಗಿ ಎರಡನೆಯದು ಬಂತು. ಅವನ್ನು ಅವಳಿ ಎಂದುಕೊಂಡು ಒಟ್ಟಿಗೆ ಇಟ್ಟಿದ್ದೆ.

ಇಟ್ಟಿದ್ದೆ ಎಂದರೆ ಸುಮ್ಮನೆ ಇಟ್ಟದ್ದಲ್ಲ. ಒಂದೊಂದಕ್ಕೂ ಕೊಬ್ಬರಿ ಎಣ್ಣೆ ಸವರಿ, ನನ್ನ ಹಳೆಯ ಬನಿಯನ್ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಡ್ರಾಯರಿನಲ್ಲಿ ಹಸುಗೂಸುಗಳನ್ನು ಮಲಗಿಸುವ ಹಾಗೆ ಸಾಲಾಗಿ ಮಲಗಿಸಿದ್ದೆ. ಭಾನುವಾರ ಎಬ್ಬಿಸಿ, ಬೆಳಕಿಗೆ ಹಿಡಿದು, ಮತ್ತೆ ಮಲಗಿಸುತ್ತಿದ್ದೆ. ಅಡುಗೆಗೆ ಕೊಡುವುದು ಮಾತ್ರ ಸಾಧ್ಯವಿರಲಿಲ್ಲ. ನನ್ನ ಹೆಂಡತಿ ಗಿರಿಜೆ ಒಮ್ಮೆ ಜಪಾನಿನದರಲ್ಲಿ ನಿಂಬೆಹಣ್ಣು ಕೊಯ್ಯಲು ಹೋದಾಗ ನಾನು ಸ್ನಾನದ ಮನೆಯಿಂದ ಟವೆಲಿನಲ್ಲೇ ಓಡಿಬಂದು ತಡೆದಿದ್ದೆ. "ಹುಳಿ ತಾಗಿದ್ರೆ ಕಲೆ ಬೀಳುತ್ತೆ ಕಣೇ!" ಈರುಳ್ಳಿಗೆ ಕೇಳಿದರೆ ವಾಸನೆ ಹಿಡಿಯುತ್ತೆ ಎನ್ನುತ್ತಿದ್ದೆ. ಕುಂಬಳಕಾಯಿಗೆ ಕೇಳಿದರೆ ಬಾಯಿ ಮುರಿಯುತ್ತೆ ಎನ್ನುತ್ತಿದ್ದೆ. ಕ್ರಮೇಣ ಅವಳು ಕೇಳುವುದನ್ನೇ ಬಿಟ್ಟಳು. ಅವಳಿಗೆ ವಿಷಯ ಅರ್ಥವಾಯಿತು ಎಂದುಕೊಂಡು ನಾನು ಸಂತೋಷಪಟ್ಟೆ. ಮಧ್ಯಾಹ್ನದ ಡಬ್ಬಿಯಲ್ಲಿ ಹುಳಿ ಬರುತ್ತಿತ್ತು, ಹುಳಿಯಲ್ಲಿ ತರಕಾರಿ ಬರುತ್ತಿತ್ತು, ತರಕಾರಿ ಹೋಳಾಗಿಯೇ ಬರುತ್ತಿತ್ತು. ಮತ್ತೇನು ಬೇಕು? ನನಗೆ ತಲೆನೋವು ತಂದದ್ದು ಬೇರೆ ವಿಷಯ. ಅಡುಗೆಕಟ್ಟೆಯ ಗ್ರಾನೈಟಿನ ಅಂಚು ಒಂದು ಕಡೆ ಸವೆದು ಕಪ್ಪಗೆ ಗೀರುಬಿದ್ದಿತ್ತು. "ಏನ್ರೀ ಕಲ್ಲು ಹಾಕಿದ್ದೀರಿ, ಹತ್ತು ವರ್ಷಕ್ಕೇ ಸವೆದುಹೋಗಿದೆ" ಎಂದು ಮನೆ ಕಟ್ಟಿದ ಮೇಸ್ತ್ರಿಗೆ ಫೋನು ಮಾಡಿ ಚೆನ್ನಾಗಿ ಜಗಳ ಆಡಿದ್ದೆ. ಪಾಪ, ಅವನು ತಲೆ ಕೆರೆದುಕೊಂಡು "ಕಲ್ಲು ಸವೆಯಲ್ಲ ಸಾರ್" ಎಂದಷ್ಟೇ ಹೇಳಿದ್ದ.

ಹೀಗಿರುವಾಗ ಈ ಸಲ ದಸರೆ ಶುರುವಾದ ದಿನ ಬೆಳಿಗ್ಗೆ ಗಿರಿಜೆ ಉಪ್ಪಿಟ್ಟಿಗೆ ಚಮಚ ಹುಡುಕುತ್ತ ಡ್ರಾಯರ್ ಎಳೆದಳು. ಕೈಗೆ ನನ್ನ ಬನಿಯನ್ ಬಂತು. ಎರಡನೆಯ ಡ್ರಾಯರ್ ಎಳೆದಳು. ಅಲ್ಲೂ ಬನಿಯನ್. ಅವಳು ಡ್ರಾಯರನ್ನು ನಿಧಾನವಾಗಿ ಮುಚ್ಚಿದಳು. ನಿಧಾನವಾಗಿ ಮುಚ್ಚಿದಳು ಎಂದರೆ ಮದುವೆಯಾದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

"ರೀ, ಬನ್ನಿ ಇಲ್ಲಿ. ಈ ಅಡುಗೆಮನೇಲಿ ಇರೋದು ಮೂರು ಡ್ರಾಯರು. ಎರಡ್ರಲ್ಲಿ ನಿಮ್ಮ ಚಾಕು ಮಲಗಿವೆ. ನನ್ನ ಸೌಟು, ಚಮಚ ಎಲ್ಲಾ ಹಳೇ ಕುಕ್ಕರಲ್ಲಿ ನಿಂತ್ಕೊಂಡಿವೆ, ಬಸ್‌ಸ್ಟಾಪಲ್ಲಿ ನಿಂತಂಗೆ. ಎಲ್ಲಾ ಬಿಸಾಕಿ ಅಂತ ನಾನು ಹೇಳಲ್ಲ. ಒಬ್ಬ ಮನುಷ್ಯನಿಗೆ ಎಷ್ಟು ಚಾಕು ಬೇಕು ಅಂತ ನೀವೇ ಯೋಚ್ನೆ ಮಾಡಿ ಒಂದು ಲೆಕ್ಕ ಹೇಳಿ. ಯಾಕೆ ಅಷ್ಟು ಅಂತಾನೂ ಹೇಳ್ಬೇಕು. ಆಯುಧಪೂಜೆವರೆಗೂ ಟೈಮು. ಮಿಕ್ಕಿದ್ದು ಮಠದ ದಾಸೋಹಕ್ಕೆ. ಅಲ್ಲಿ ದಿನಾ ಮೂಟೆಗಟ್ಟಲೆ ತರಕಾರಿ ಹೆಚ್ತಾರೆ."

ಗುಜರಿಗೆ ಹಾಕುತ್ತೇನೆ ಎಂದಿದ್ದರೆ ಕೂಗಾಡಬಹುದಿತ್ತು. ದಾಸೋಹ ಎಂದಮೇಲೆ ಯಾವ ಬಾಯಲ್ಲಿ ಬೇಡ ಎನ್ನುವುದು? ಗಿರಿಜೆ ದಾವಣಗೆರೆಯವಳು, ಬೆಣ್ಣೆ ಸವರಿದ ಹಾಗೆ ಮಾತಾಡಿ ಕೆಳಗೆ ಹೆಂಚು ಕಾಯಿಸುವುದು ಅವಳಿಗೆ ಹುಟ್ಟಿನಿಂದ ಬಂದ ವಿದ್ಯೆ.

ನಾನು ಯೋಚನೆಗೆ ಕೂತೆ. ಮನೆಮಂದಿಗೆ ತಲಾ ಒಂದು ಎಂದರೆ ಮೂರೇ ಆಗುತ್ತದೆ. ಆ ಸೂತ್ರವನ್ನು ಅಲ್ಲಿಗೇ ಬಿಟ್ಟೆ. ತರಕಾರಿಗೊಂದು ಎಂದರೆ ಹೇಗೆ? ಇದು ಶಾಸ್ತ್ರೀಯವಾಗಿತ್ತು. ಬೀದಿಗೆ ಬರುವ ತರಕಾರಿ ಗಾಡಿಯ ಮುಂದೆ ಪೆನ್ನು ಕಾಗದ ಹಿಡಿದು ನಿಂತೆ. ಗಾಡಿಯವಳು ನನ್ನನ್ನು ಯಾವುದೋ ಇಲಾಖೆಯವನೆಂದು ತಿಳಿದು ಟೊಮೆಟೊವನ್ನೆಲ್ಲ ಒರೆಸಿ ಜೋಡಿಸಿ "ಎಲ್ಲಾ ಫ್ರೆಶ್ಶು ಸಾರ್, ನೋಡ್ಕಳಿ" ಎಂದಳು. ಎಣಿಸಿದರೆ ಮೂವತ್ತೊಂದು ಬಗೆ! ನನ್ನ ಆನಂದಕ್ಕೆ ಪಾರವಿಲ್ಲ. ಅಂದರೆ ನನ್ನ ಹತ್ತಿರ ಒಂಬತ್ತು ಚಾಕು ಕಡಿಮೆ ಇವೆ! ಓಡಿಹೋಗಿ ಗಿರಿಜೆಗೆ ಹೇಳಿದೆ. ಅವಳು ಪಟ್ಟಿಯನ್ನು ಪೂರ್ತಿ ಓದಿ, "ಕೊತ್ತಂಬರಿ ಸೊಪ್ಪಿಗೆ ಒಂದು, ಪುದೀನಕ್ಕೆ ಇನ್ನೊಂದಾ? ಎರಡೂ ಸೇರಿ ಚಟ್ನಿ ಆಗೋ ದಿನ ಏನ್ಮಾಡ್ತೀರಿ?" ಎಂದಳು. ಪಟ್ಟಿಯನ್ನು ಮಡಚಿ ಜೇಬಿಗಿಟ್ಟೆ.

ಹಿರಿಯರನ್ನು ಕೇಳೋಣವೆಂದು ಪಕ್ಕದ ಮನೆಯ ಗೌಡರ ಹತ್ತಿರ ಹೋದೆ. ಮೂಡಲಪಾಳ್ಯ ಹಳ್ಳಿಯಾಗಿದ್ದಾಗಿನಿಂದ ಇಲ್ಲೇ ಇರುವ ಮನೆತನ ಅವರದು. ನಮ್ಮ ಸೈಟು ಇರುವ ಜಾಗದಲ್ಲಿ ಅವರಪ್ಪ ರಾಗಿ ಬೆಳೆಯುತ್ತಿದ್ದರಂತೆ. ವಾರಕ್ಕೊಮ್ಮೆಯಾದರೂ ಅದನ್ನು ನೆನಪಿಸಿ, ನಾವು ಅವರ ಪೈರಿನ ಮೇಲೆ ಕೂತಿದ್ದೇವೆ ಎಂಬ ಹಾಗೆ ನೋಡುತ್ತಾರೆ. ಜಗುಲಿಯ ಮೇಲೆ ಎಳನೀರು ಕೆತ್ತುತ್ತ ಕೂತಿದ್ದರು. ನನ್ನ ಪ್ರಶ್ನೆ ಕೇಳಿ ಮಚ್ಚನ್ನು ಪಕ್ಕಕ್ಕಿಟ್ಟು, ಡಾಕ್ಟರು ರೋಗಿಯನ್ನು ನೋಡುವಂತೆ ನನ್ನನ್ನು ನೋಡಿದರು.

"ಇಪ್ಪತ್ತೆರಡಾ ಸಾರ್? ನೋಡಿ, ಇದೊಂದು ಮಚ್ಚು. ನಮ್ಮಪ್ಪನ ಕಾಲದ್ದು. ಇದ್ರಲ್ಲೇ ಕಾಯಿ ಸುಲಿಯೋದು, ಇದ್ರಲ್ಲೇ ಸೌದೆ, ಇದ್ರಲ್ಲೇ ಕಬ್ಬು. ಮೊಮ್ಮಗನ ಪೆನ್ಸಿಲ್ಲೂ ಇದ್ರಲ್ಲೇ ಕೆತ್ಕೊಟ್ಟಿವ್ನಿ. ಒಂದಿದ್ರೆ ಅದು ಎಲ್ಲೈತೆ ಅಂತ ಗೊತ್ತಿರ್ತದೆ. ಎರಡಾದ್ರೆ ಹುಡುಕ್ಬೇಕಾಯ್ತದೆ. ಬುಡಿ ಸಾರ್, ನಿಮ್ಗ್ಯಾಕೆ ಇವೆಲ್ಲ? ನೀವು ಹಲ್ಲಿಗೆ ಹೆದ್ರೋರು."

ಹಲ್ಲಿಯ ವಿಷಯ ಇವರಿಗೆ ಹೇಗೆ ಗೊತ್ತಾಯಿತು? ಗಿರಿಜೆಯನ್ನು ಕೂಗುವಾಗ ಸ್ವರ ಸ್ವಲ್ಪ ಜೋರಾಗುತ್ತದೇನೋ. ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದು, ಇಪ್ಪತ್ತೆರಡನ್ನೂ ಬಿಚ್ಚಿ ಮಂಚದ ಮೇಲೆ ಹರಡಿ, ಯಾವುದನ್ನು ಬಿಡಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ಕಣ್ಣೀರು ಬರುವಂತೆ ನೋಡುತ್ತ ಕೂತೆ. ಅದೇ ಹೊತ್ತಿಗೆ ನಾಗರಬಾವಿಯಲ್ಲಿ ಲಾ ಓದುವ ನನ್ನ ಮಗಳು ಚಿನ್ನು ಕಾಲೇಜಿನಿಂದ ಬಂದವಳು ಬಾಗಿಲಲ್ಲೇ ನಿಂತಳು. "ಅಪ್ಪಾ, ಒಂದು ಚಾಕು ಇದ್ರೆ ಅದು ಅಡುಗೆ. ಇಪ್ಪತ್ತೆರಡು ಇದ್ರೆ ಅದು ಉದ್ದೇಶ. ನಿಮ್ಮ ಕೇಸ್ ನಾನು ತಗೋಳಲ್ಲ" ಎಂದು ಹೇಳಿ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡು ಹೋದಳು. ಇಪ್ಪತ್ತೊಂದು ವರ್ಷ ಸಾಕಿ, ಫೀಸು ಕಟ್ಟಿ ಓದಿಸಿದ್ದು ಇದಕ್ಕೆ.

ಕೊನೆಗೆ ಎದೆ ಕಲ್ಲು ಮಾಡಿಕೊಂಡು ಕೊಡುವುದಕ್ಕೆಂದು ಹನ್ನೊಂದನ್ನು ಆರಿಸಿದೆ. ಯಾಕೆ ಹನ್ನೊಂದು ಎಂದರೆ ಅದು ಇಪ್ಪತ್ತೆರಡರ ಅರ್ಧ. ಅದಕ್ಕಿಂತ ದೊಡ್ಡ ತರ್ಕ ನನ್ನಲ್ಲಿ ಉಳಿದಿರಲಿಲ್ಲ. ಶನಿವಾರ ಬೆಳಿಗ್ಗೆ ಅವುಗಳನ್ನು ಹಳೆಯ ಪಂಚೆಯಲ್ಲಿ ಕಟ್ಟಿ, ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಮಠಕ್ಕೆ ಹೊರಟೆ. ನಾಗರಬಾವಿ ಸರ್ಕಲ್ಲಿನ ಹತ್ತಿರ ಪೊಲೀಸರು ಒಬ್ಬೊಬ್ಬರನ್ನೇ ನಿಲ್ಲಿಸಿ ನೋಡುತ್ತಿದ್ದರು. ನನ್ನ ಹೆಲ್ಮೆಟ್ಟು ಸರಿಯಿತ್ತು, ಕಾಗದಪತ್ರ ಸರಿಯಿತ್ತು. ಆದರೆ "ಡಿಕ್ಕಿ ತೆಗೀರಿ" ಎಂದುಬಿಟ್ಟರೆ? "ಏನಿದು?" "ಚಾಕು ಸಾರ್." "ಎಷ್ಟು?" "ಹನ್ನೊಂದೇ ಸಾರ್, ಉಳಿದ ಹನ್ನೊಂದು ಮನೇಲಿವೆ." ಈ ಸಂಭಾಷಣೆ ನನ್ನ ತಲೆಯೊಳಗೆ ಎಷ್ಟು ಸ್ಪಷ್ಟವಾಗಿ ನಡೆಯಿತೆಂದರೆ ಗಾಡಿ ತಾನಾಗಿಯೇ ಹಿಂದಕ್ಕೆ ತಿರುಗಿತು. ಮನೆಗೆ ಬಂದು, "ದೇವರಿಗೇ ಇಷ್ಟ ಇಲ್ಲ ಅಂತ ಕಾಣ್ಸುತ್ತೆ ಕಣೇ" ಎಂದೆ. ಗಿರಿಜೆ, "ದೇವರ ಮೇಲೆ ಹಾಕ್ಬೇಡಿ. ಆಯುಧಪೂಜೆಗೆ ಇನ್ನು ಮೂರು ದಿನ ಇದೆ" ಎಂದಳು.

ಆ ಮೂರು ದಿನದಲ್ಲಿ ನನಗೊಂದು ಉಪಾಯ ಹೊಳೆಯಿತು. ಆಯುಧಪೂಜೆ ಇರುವುದೇ ಆಯುಧಗಳಿಗೆ. ಪೂಜೆ ಮಾಡಿಸಿಕೊಂಡ ವಸ್ತುವನ್ನು ಮನೆಯಿಂದ ಆಚೆ ಕಳಿಸಲು ಯಾವ ಗೃಹಿಣಿಗೆ ಮನಸ್ಸು ಬರುತ್ತದೆ? ಒಂದೇ ಏಟಿಗೆ ಇಪ್ಪತ್ತೆರಡನ್ನೂ ದೇವರ ಪಾಲು ಮಾಡಿಬಿಟ್ಟರೆ ನಾನು ಗೆದ್ದಂತೆ! ಹಬ್ಬದ ದಿನ ಬೆಳಿಗ್ಗೆ ಬೇಗ ಎದ್ದು ಮಿಂದು, ದೇವರ ಮುಂದೆ ರೇಷ್ಮೆ ಪಂಚೆ ಹಾಸಿ, ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಒಂದೊಂದಕ್ಕೂ ವಿಭೂತಿ, ಕುಂಕುಮ, ಸೇವಂತಿಗೆ. ಭಕ್ತಿ ಉಕ್ಕಿದಾಗ ಮನುಷ್ಯನಿಗೆ ಮಿತಿ ತಿಳಿಯುವುದಿಲ್ಲ. ಹೊಲಿಗೆಯ ಕತ್ತರಿ ತಂದಿಟ್ಟೆ. ಬ್ಲೇಡು, ನೇಲ್ ಕಟರ್, ಆಲೂಗಡ್ಡೆ ಸಿಪ್ಪೆ ತೆಗೆಯುವ ಪೀಲರು, ಚಿನ್ನುವಿನ ಲ್ಯಾಪ್‌ಟಾಪು ಎಲ್ಲ ಬಂದವು. ಮಂಚದ ಕೆಳಗೆ ನಮ್ಮ ಅತ್ತೆಯವರು ಮದುವೆಯಲ್ಲಿ ಕೊಟ್ಟ ಈಳಿಗೆಮಣೆ ಇತ್ತು. ಗಿರಿಜೆಗೆ ಮಂಡಿನೋವು ಬಂದು ನೆಲದ ಮೇಲೆ ಕೂರಲಾಗದೆ ಅದನ್ನು ಮುಟ್ಟಿ ಎಷ್ಟೋ ವರ್ಷವಾಗಿತ್ತು. ಅದನ್ನೂ ಎಳೆದು ತೊಳೆದು ನಡುವೆ ಕೂರಿಸಿದೆ.

"ಎಲ್ಲಾನೂ ಇಟ್ಟಿರಾ?" ಎಂದಳು ಗಿರಿಜೆ.

"ಮನೇಲಿ ಹರಿತವಾಗಿರೋದು ಒಂದೂ ಬಿಟ್ಟಿಲ್ಲ, ನಿನ್ನ ನಾಲಿಗೆ ಒಂದು ಬಿಟ್ಟು" ಎಂದೆ. ಗೆಲುವಿನ ಹುಮ್ಮಸ್ಸಿನಲ್ಲಿ ಇಂಥವು ಬಂದುಬಿಡುತ್ತವೆ. ಅವಳು ಮಂಗಳಾರತಿ ಎತ್ತಿದಳು. ನಮ್ಮಲ್ಲಿ ಪದ್ಧತಿ ಏನೆಂದರೆ, ಹೀಗೆ ಪೂಜೆಗೆ ಇಟ್ಟ ಆಯುಧಗಳನ್ನು ಮಾರನೆಯ ದಿನ ವಿಜಯದಶಮಿಗೆ ಮತ್ತೆ ಪೂಜೆ ಮಾಡುವವರೆಗೆ ಕದಲಿಸುವ ಹಾಗಿಲ್ಲ. ಇಡೀ ದಿನ ಅವಕ್ಕೆ ರಜೆ.

ಆಮೇಲೆ ಬೀದಿಗೆ ಇಳಿದೆವು. ಸ್ಕೂಟರು, ಕಾರು ಎರಡಕ್ಕೂ ಬಾಳೆಕಂದು ಕಟ್ಟಿ, ಮಾಲೆ ಹಾಕಿ, ಅರಿಶಿನ ಕುಂಕುಮ ಹಚ್ಚಿದ್ದಾಯಿತು. ಇನ್ನು ದೃಷ್ಟಿ ತೆಗೆಯಬೇಕು. ಬೂದುಗುಂಬಳದ ತಲೆಯಲ್ಲಿ ಚೌಕಾಕಾರವಾಗಿ ಕೊರೆದು, ಒಳಗೆ ಕುಂಕುಮ ತುಂಬಿ, ನಿವಾಳಿಸಿ ಒಡೆಯಬೇಕು. ನಾನು ಕುಂಬಳಕಾಯಿಯನ್ನು ಎತ್ತಿ ಕಾಂಪೌಂಡಿನ ಕಟ್ಟೆಯ ಮೇಲಿಟ್ಟು, ಆಪರೇಷನ್ ಮಾಡುವ ಡಾಕ್ಟರಂತೆ ಬಲಗೈ ಚಾಚಿ, "ಚಾಕು" ಎಂದೆ.

ಯಾರೂ ಏನೂ ಕೊಡಲಿಲ್ಲ. ಚಿನ್ನು ನನ್ನ ಮುಖ ನೋಡಿದಳು. ನಾನು ಗಿರಿಜೆಯ ಮುಖ ನೋಡಿದೆ. ಅವಳು ಆಕಾಶ ನೋಡಿದಳು.

"ಒಂದೇ ಒಂದು ತಗೊಂಡ್ಬರ್ಲಾ? ಚಿಕ್ಕದು?" ಎಂದೆ.

"ದೀಪ ಉರೀತಾ ಇದೆ. ಮುಟ್ಟಿದ್ರೆ ನೋಡಿ."

ಪಕ್ಕದಲ್ಲೇ ತಮ್ಮ ಟ್ರ್ಯಾಕ್ಟರಿಗೆ ಹಾರ ಹಾಕುತ್ತಿದ್ದ ಗೌಡರನ್ನು ಕೂಗಿದೆ. "ಗೌಡ್ರೇ, ನಿಮ್ಮ ಮಚ್ಚು ಸ್ವಲ್ಪ ಕೊಡ್ತೀರಾ?" ಗೌಡರು ಬಂದು ಕುಂಬಳಕಾಯಿಯನ್ನು ನೋಡಿದರು, ನನ್ನನ್ನು ನೋಡಿದರು. "ನಮ್ ಮಚ್ಚೂ ಪೂಜೇಲೈತೆ ಸಾರ್. ನಾವು ನಿನ್ನೇನೇ ಕೊರ್ದು ಮಡಿಕ್ಕೊಂಡ್ವಿ. ಅಲ್ಲ, ಇಪ್ಪತ್ತೆರಡು ಐತೆ ಅಂತಿದ್ರಿ?" ಎಂದರು. ನಾನು ನೆಲ ನೋಡಿದೆ. ಸ್ಕೂಟರಿನ ಕೀಲಿಯಿಂದ ಕೊರೆಯಲು ಪ್ರಯತ್ನಿಸಿದೆ. ಕುಂಬಳಕಾಯಿಯ ಮೇಲಿನ ಬೂದಿ ನನ್ನ ರೇಷ್ಮೆ ಶರ್ಟಿಗೆ ಬಂತೇ ಹೊರತು ಕಾಯಿಗೆ ಗೀರು ಬೀಳಲಿಲ್ಲ. ಚಿನ್ನು ಸ್ಟೀಲು ಚಮಚ ತಂದಳು. ಚಮಚ ಬಗ್ಗಿತು. "ಹೋಗ್ಲಿ, ಹಂಗೇ ಒಡೆದುಬಿಡ್ತೀನಿ" ಎಂದು ತಲೆಯ ಮೇಲೆ ಎತ್ತಿದೆ.

ಗೌಡರು ತಡೆದರು. "ಕುಂಕುಮ ಇಲ್ದೆ ಒಡೆದ್ರೆ ದೃಷ್ಟಿ ಹೋಗಲ್ಲ ಸಾರ್. ಬರೀ ಮಜ್ಜಿಗೆಹುಳಿಗೆ ಆಯ್ತದೆ."

ಅಕ್ಕಪಕ್ಕದ ಗೇಟುಗಳಲ್ಲಿ ಜನ ಸೇರಿದರು. ಹೂಕುಂಡದವರು ಅಡ್ಡಡ್ಡ ನಡೆದು ಹೊರಗೆ ಬಂದರು. ಕುಂಬಳಕಾಯಿ ನನ್ನ ತಲೆಯ ಮೇಲೆಯೇ ಇತ್ತು. ಇಳಿಸುವುದಕ್ಕೆ ಮಾನ ಬಿಡುತ್ತಿರಲಿಲ್ಲ, ಒಡೆಯುವುದಕ್ಕೆ ಗೌಡರು ಬಿಡುತ್ತಿರಲಿಲ್ಲ. ಇದನ್ನೆಲ್ಲ ಅಷ್ಟು ಹೊತ್ತು ನೋಡಿದ ಗಿರಿಜೆ ಒಳಗೆ ಹೋದಳು. ಬರುವಾಗ ಅವಳ ಬಲಗೈ ಮೊಣಕೈವರೆಗೆ ರಾಗಿ ಹಿಟ್ಟು. ಕೈಯಲ್ಲಿ ಗೇಣುದ್ದವೂ ಇಲ್ಲದ, ಹಳದಿ ಪ್ಲಾಸ್ಟಿಕ್ ಹಿಡಿಯ, ಸವೆದು ಸವೆದು ಹುಣಸೆ ಎಲೆಯಷ್ಟು ಸಣ್ಣಗಾದ ಒಂದು ಚಾಕು. ಚಾಕುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ ಎಂದು ನಮ್ಮಲ್ಲಿ ಕೊಡುವುದಿಲ್ಲ. ಅವಳು ಅದನ್ನು ಕಟ್ಟೆಯ ಮೇಲಿಟ್ಟಳು. ಇಟ್ಟ ರೀತಿ ನೋಡಿದರೆ, ಕೈಗೇ ಕೊಟ್ಟಿದ್ದರೂ ಅಷ್ಟು ಜಗಳ ಆಗುತ್ತಿರಲಿಲ್ಲ.

ಆ ಹುಳದಂಥ ಚಾಕು ಬೂದುಗುಂಬಳದೊಳಗೆ ಸರ್ರೆಂದು ಇಳಿಯಿತು. ನಾಲ್ಕು ಗೀರು, ಚೌಕ ಕೈಗೆ ಬಂತು. ನನ್ನ ಜಪಾನಿನದು ಇದರ ಕಾಲು ಭಾಗವೂ ಹರಿತವಿಲ್ಲ, ಅದು ನನಗೆ ಗೊತ್ತು. "ಒಳ್ಳೇ ಮಾಲು ಸಾರ್! ಎಲ್ಲಿ ತಂದ್ರಿ?" ಎಂದರು ಗೌಡರು. ನಾನು ಗಿರಿಜೆಯನ್ನು ನೋಡಿದೆ.

"ಟೀಪುಡಿ ಪ್ಯಾಕೆಟ್ ಜೊತೆ ಫ್ರೀ ಬಂದಿದ್ದು, ಚಿನ್ನು ಎಲ್‌ಕೆಜಿಲಿದ್ದಾಗ" ಎಂದಳು.

ಕುಂಬಳಕಾಯಿ ಒಡೆದು, ಕುಂಕುಮ ಚೆಲ್ಲಿ, ಜನ ಚದುರಿದ ಮೇಲೆ ಅಡುಗೆಮನೆಯಲ್ಲಿ ಕೇಳಿದೆ. ನಿಜಕ್ಕೂ ನನಗೆ ನೋವಾಗಿತ್ತು. "ಹದಿನೇಳು ವರ್ಷ ನನ್ನಿಂದ ಒಂದು ಚಾಕು ಮುಚ್ಚಿಟ್ಟೆಯಲ್ಲೇ?"

"ಇನ್ನೇನ್ಮಾಡ್ಲಿ? ಹೇಳಿದ್ದಿದ್ರೆ ಅದಕ್ಕೂ ಎಣ್ಣೆ ಹಚ್ಚಿ, ಬನಿಯನ್ ಹಾಕಿ ಮಲಗಿಸ್ತಿದ್ರಿ. ನಾನು ಹಲ್ಲಲ್ಲಿ ಹೆಚ್ಚಬೇಕಿತ್ತು. ಇಷ್ಟು ವರ್ಷ ಎರಡು ಹೊತ್ತೂ ಹುಳಿ ತಿಂದಿರಲ್ಲ, ಹೋಳು ಯಾವುದ್ರಲ್ಲಿ ಮಾಡ್ತೀಯೇ ಅಂತ ಒಂದಿನ ಕೇಳಿದ್ರಾ?"

ಕೇಳಿರಲಿಲ್ಲ. ಚಾಕುವಿನ ಬಗ್ಗೆ ಹಗಲೂ ಇರುಳೂ ಯೋಚಿಸುವ ನನಗೆ ಆ ಒಂದು ಪ್ರಶ್ನೆ ಹೊಳೆದೇ ಇರಲಿಲ್ಲ. ತುಂಬಾ ನಾಚಿಕೆಯಾಯಿತು. ಮಾತು ಬದಲಿಸಲು, "ಇಷ್ಟು ಹರಿತ ಹೆಂಗಿಟ್ಟೆ?" ಎಂದೆ. ಅವಳು ಚಾಕುವನ್ನು ತೆಗೆದುಕೊಂಡು ಅಡುಗೆಕಟ್ಟೆಯ ಗ್ರಾನೈಟಿನ ಅಂಚಿಗೆ, ಆ ಸವೆದ ಜಾಗದಲ್ಲಿ, ಸರಕ್ ಸರಕ್ ಎಂದು ನಾಲ್ಕು ಸಲ ಎಳೆದು ತೋರಿಸಿದಳು. ಮೇಸ್ತ್ರಿಗೆ ಫೋನು ಮಾಡಿ ಕ್ಷಮೆ ಕೇಳಿದೆ. ಅವನು ನಂಬಲಿಲ್ಲ, ಇನ್ನೇನೋ ರಿಪೇರಿ ಬಿಟ್ಟಿ ಮಾಡಿಸಲು ನೋಡುತ್ತಿದ್ದೇನೆ ಎಂದುಕೊಂಡ.

"ಸರಿ, ಇವತ್ತು ಕೊನೇ ದಿನ. ಲೆಕ್ಕ ಹೇಳಿ. ಒಬ್ಬ ಮನುಷ್ಯನಿಗೆ ಎಷ್ಟು ಚಾಕು ಬೇಕು?" ಎಂದಳು.

ನನ್ನೊಳಗೆ ಆಗ ಬಹಳ ದೊಡ್ಡ ಮನುಷ್ಯನೊಬ್ಬ ಎದ್ದು ನಿಂತಿದ್ದ. "ಒಂದು" ಎಂದೆ. "ಒಂದೇ ಸಾಕು. ಇದೇ, ಈ ಹಳದಿದು."

"ಅದು ನಂದು" ಎಂದಳು ಗಿರಿಜೆ.

ಹಾಗಾಗಿ ವಿಜಯದಶಮಿಯ ದಿನ ಮರುಪೂಜೆ ಮುಗಿಸಿ ಇಪ್ಪತ್ತೆರಡೂ ಮಠಕ್ಕೆ ಹೋದವು. ಪೂಜೆಯಾದದ್ದು ಮನೆಯಿಂದ ಆಚೆ ಹೋಗಬಾರದಲ್ಲವೇ ಎಂದು ಮೆಲ್ಲಗೆ ಎಳೆದು ನೋಡಿದೆ. "ಪೂಜೆ ಆಗಿರೋದೇ ಒಳ್ಳೇದಾಯ್ತು, ಮಠಕ್ಕೆ ತಾನೆ ಹೋಗ್ತಿರೋದು" ಎಂದಳು. ಈ ಸಲ ಗಂಟು ಗಿರಿಜೆಯ ಮಡಿಲಲ್ಲಿ ಕೂತಿತ್ತು, ಗಿರಿಜೆ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಸರ್ಕಲ್ಲಿನ ಪೊಲೀಸರು ಗಂಟಿನ ಮೇಲಿದ್ದ ಸೇವಂತಿಗೆ ನೋಡಿ ಕೈ ಮುಗಿದು ಬಿಟ್ಟರು. ದಾಸೋಹದ ಅಡುಗೆಯವರು ನನ್ನ ಜಪಾನಿ ಚಾಕುವಿನಲ್ಲಿ ನನ್ನ ಕಣ್ಣೆದುರಿಗೇ ನಿಂಬೆಹಣ್ಣು ಕೊಯ್ದರು. ಮೀನಿನ ಚಾಕುವಿಗೆ ಬದನೆಕಾಯಿ ಕೊಟ್ಟರು, ಪಾಪ ಅದಕ್ಕೆ ಜಾತಿಯೇ ಬದಲಾಯಿತು.

ಈಗ ನಮ್ಮ ಮನೆಯ ಡ್ರಾಯರುಗಳಲ್ಲಿ ಸೌಟುಗಳು ಕಾಲು ಚಾಚಿ ಮಲಗಿವೆ. ದಿನಾ ಬೆಳಿಗ್ಗೆ ತರಕಾರಿ ಹೆಚ್ಚುವುದು ನನ್ನ ಕೆಲಸ. ಅದು ನಾನೇ ಕೇಳಿ ತೆಗೆದುಕೊಂಡ ಶಿಕ್ಷೆ. ಗಿರಿಜೆ ಹಳದಿ ಚಾಕುವನ್ನು ಕಟ್ಟೆಯ ಮೇಲಿಡುತ್ತಾಳೆ, ನಾನು ಎತ್ತಿಕೊಂಡು ಹುರುಳಿಕಾಯಿ ಹೆಚ್ಚಿ ಮತ್ತೆ ಕಟ್ಟೆಯ ಮೇಲಿಡುತ್ತೇನೆ, ಅವಳು ತೊಳೆದು ತೆಗೆದುಕೊಂಡು ಹೋಗಿ ಎಲ್ಲಿಯೋ ಬಚ್ಚಿಡುತ್ತಾಳೆ. ರಾಗಿ ಹಿಟ್ಟಿನ ಡಬ್ಬಿಯಲ್ಲಿ ಈಗ ಇಲ್ಲ. "ನನ್ನ ಮೇಲೆ ಇನ್ನೂ ನಂಬಿಕೆ ಬಂದಿಲ್ವೇನೇ?" ಎಂದು ಬೇಜಾರಿನಿಂದಲೇ ಕೇಳಿದೆ. ನಕ್ಕು ಒಲೆಯ ಕಡೆ ತಿರುಗಿದಳು. ಮೊನ್ನೆ ಭಾನುವಾರ ಅವಳೂ ಚಿನ್ನುವೂ ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದಾಗ ಅಕ್ಕಿ, ಬೇಳೆ, ಅವಲಕ್ಕಿ, ಸಂಡಿಗೆ ಎಲ್ಲ ಡಬ್ಬಿಗಳಿಗೂ ಕೈ ಹಾಕಿ ನೋಡಿದೆ. ಸಿಗಲಿಲ್ಲ. ನೀವು ತಪ್ಪು ತಿಳಿಯಬೇಡಿ, ಕದಿಯಲಿಕ್ಕೇನೂ ಅಲ್ಲ. ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಒಂದು ಬನಿಯನ್ ಬಟ್ಟೆ ಸುತ್ತಿ ಇಡೋಣ ಅಂತ.